ಪಾಸ್‌ವರ್ಡ್ ಸರಿಯಿದೆ, ಆದರೂ ಅಕೌಂಟ್ ಲಾಕ್! ಏಕೆ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರ, ಕರೆಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ನಡುನಡುವೆ ಕಚೇರಿಯ ಕಷ್ಟಸುಖಗಳೂ ಇಣುಕುತ್ತವೆ. ಅವುಗಳಲ್ಲಿ ಪದೇ ಪದೇ ಕೇಳಿಬರುವ ದೂರು ಇದು: "ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತೇನೆ. ಆದರೂ ಅಕೌಂಟ್ ಲಾಕ್ ಆಗಿದೆ ಅನ್ನುತ್ತೆ. ಐ.ಟಿ.ಯವರಿಗೆ ಫೋನ್ ಮಾಡಿ ತೆಗೆಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಲಾಕ್!"

ಕೇಳುವವರಿಗೆ ಇದು ಸಣ್ಣ ವಿಷಯ. ಅನುಭವಿಸುವವರಿಗೆ ಹಾಗಲ್ಲ. ತಿಂಗಳ ಕೊನೆಯ ದಿನ ಲೆಕ್ಕ ಮುಗಿಸಬೇಕಾದವರಿಗೆ ಅರ್ಧ ದಿನ ಹೋದರೆ ರಾತ್ರಿಯ ಕೊನೆಯ ಲೋಕಲ್ ಗಾಡಿಯೇ ಗತಿ. ಕಾಲ್ ಸೆಂಟರ್‌ನಲ್ಲಿ ಲಾಗಿನ್ ಆದ ಹೊತ್ತಿನಿಂದಲೇ ಹಾಜರಿ ಎಣಿಸುವ ಕಡೆ ಸಂಬಳಕ್ಕೇ ಕತ್ತರಿ. ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗ ಹುಡುಗಿಯರಿಗಂತೂ "ಒಂದು ಪಾಸ್‌ವರ್ಡ್ ನೆನಪಿಟ್ಟುಕೊಳ್ಳೋಕೆ ಆಗಲ್ವಾ?" ಎಂಬ ಮಾತು ನಾಲ್ಕು ಜನರೆದುರು ಕೇಳಬೇಕಾಗುತ್ತದೆ, ಅದೂ ಊರಲ್ಲದ ಊರಿನಲ್ಲಿ, ನಮ್ಮದಲ್ಲದ ಭಾಷೆಯಲ್ಲಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ಲಾಕ್ ಆದರೆ ಅದು ಬೆರಳಿನ ತಪ್ಪಿರಬಹುದು. ತೆಗೆಸಿದ ಮೇಲೂ ಮತ್ತೆ ಮತ್ತೆ ಲಾಕ್ ಆದರೆ ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ನಿಮ್ಮ ಹೆಸರು ಹೇಳಿಕೊಂಡು ಇನ್ಯಾವುದೋ ಯಂತ್ರ ಹಳೆಯ ಪಾಸ್‌ವರ್ಡ್ ಹಿಡಿದು ಸರ್ವರ್‌ನ ಬಾಗಿಲು ಬಡಿಯುತ್ತಿರುತ್ತದೆ. ಅದನ್ನು ಹುಡುಕದೆ ನಿಮ್ಮ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಬೀಗ ಹಾಕುವವರು ಯಾರು?

ಕಚೇರಿಯ ಕಂಪ್ಯೂಟರ್‌ಗಳೆಲ್ಲ ಒಂದು ಜಾಲದಲ್ಲಿ ಸೇರಿರುತ್ತವೆ. ವಿಂಡೋಸ್ ಬಳಸುವ ಕಚೇರಿಗಳಲ್ಲಿ ಈ ಜಾಲಕ್ಕೆ ಡೊಮೇನ್ ಎಂದು ಹೆಸರು. ಯಾರು ಒಳಗಿನವರು, ಯಾರ ಪಾಸ್‌ವರ್ಡ್ ಸರಿ ಎಂದು ನೋಡುವ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಎನ್ನುತ್ತಾರೆ. ವಿಂಡೋಸ್ 2000ದ ಜತೆ ಬಂದ ಆಕ್ಟಿವ್ ಡೈರೆಕ್ಟರಿ ಎಂಬ ವ್ಯವಸ್ಥೆ ಇಂದಿಗೂ ಬಹಳಷ್ಟು ಕಚೇರಿಗಳಲ್ಲಿ ಈ ಕೆಲಸ ಮಾಡುತ್ತಿದೆ. ನಿಮ್ಮ ಸೊಸೈಟಿಯ ಗೇಟಿನಲ್ಲಿ ರಿಜಿಸ್ಟರ್ ಹಿಡಿದು ಕೂತ ವಾಚ್‌ಮನ್ ಎಂದುಕೊಳ್ಳಿ.

ಈ ವಾಚ್‌ಮನ್‌ಗೆ ಮೂರು ಸಂಖ್ಯೆಗಳನ್ನು ಹೇಳಿಕೊಟ್ಟಿರುತ್ತಾರೆ. ಒಂದು, ಎಷ್ಟು ಸಲ ತಪ್ಪು ಪಾಸ್‌ವರ್ಡ್ ಬಂದರೆ ಬೀಗ ಹಾಕಬೇಕು. ಎರಡು, ಬೀಗ ಎಷ್ಟು ನಿಮಿಷ ಇರಬೇಕು. ಮೂರು, ಕೊನೆಯ ತಪ್ಪಾಗಿ ಎಷ್ಟು ನಿಮಿಷ ಕಳೆದರೆ ಎಣಿಕೆಯನ್ನು ಮತ್ತೆ ಸೊನ್ನೆಗೆ ತರಬೇಕು. ಎರಡನೆಯ ಸಂಖ್ಯೆಯನ್ನು ಸೊನ್ನೆ ಎಂದಿಟ್ಟರೆ ಬೀಗ ತಾನಾಗಿ ತೆರೆಯುವುದೇ ಇಲ್ಲ, ಐ.ಟಿ.ಯವರೇ ಬಂದು ತೆಗೆಯಬೇಕು. ಈ ಸಂಖ್ಯೆಗಳನ್ನು ನಿಮ್ಮ ಕಚೇರಿಯವರು ಇಟ್ಟಿರುತ್ತಾರೆ, ಆದ್ದರಿಂದ ಪಕ್ಕದ ಕಚೇರಿಯಲ್ಲಿ ಬೇರೆ ಇರಬಹುದು.

ವಾಚ್‌ಮನ್‌ಗೆ ಮುಖ ಕಾಣುವುದಿಲ್ಲ ಎಂಬುದನ್ನು ನೆನಪಿಡಿ. ಬೆರಳಿನಿಂದ ಒತ್ತಿದ ಪಾಸ್‌ವರ್ಡೋ, ಮೊಬೈಲ್ ತಾನಾಗಿ ಕಳಿಸಿದ್ದೋ, ಕಳ್ಳ ಊಹಿಸಿದ್ದೋ, ಅವನಿಗೆ ಎಲ್ಲವೂ ಒಂದೇ. ತಪ್ಪು ಬಂದರೆ ನಿಮ್ಮ ಹೆಸರಿನ ಮುಂದೆ ಒಂದು ಗೀಟು. ಗೀಟುಗಳು ತುಂಬಿದ ಮೇಲೆ ನೀವು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಿಡುವುದಿಲ್ಲ. ಕೆಲವೊಮ್ಮೆ ನಿಮ್ಮ ಪರದೆ ತೆರೆದೇ ಇರುತ್ತದೆ, ಆದರೆ ಮೇಲ್ ಇದ್ದಕ್ಕಿದ್ದಂತೆ ಪಾಸ್‌ವರ್ಡ್ ಕೇಳತೊಡಗುತ್ತದೆ, ಹಂಚಿಕೊಂಡ ಫೋಲ್ಡರ್ ತೆರೆಯುವುದಿಲ್ಲ. ಅದೂ ಇದೇ ಬೀಗದ ಲಕ್ಷಣವಾಗಿರಬಹುದು.

ಒಂದು ಸಣ್ಣ ಲೆಕ್ಕ

ನಿಮ್ಮ ಕಚೇರಿಯಲ್ಲಿ 5 ತಪ್ಪಿಗೆ ಬೀಗ, ಎಣಿಕೆ ಅಳಿಸಲು 30 ನಿಮಿಷ ಎಂದಿರಲಿ. ಮನೆಯಲ್ಲಿ ಮಗುವಿನ ಕೈಗೆ ಕೊಟ್ಟ ಹಳೆಯ ಮೊಬೈಲ್‌ನಲ್ಲಿ ಕಚೇರಿಯ ಮೇಲ್ ಇನ್ನೂ ಉಳಿದಿದೆ. ಅದರಲ್ಲಿರುವುದು ಕಳೆದ ವರ್ಷದ ಪಾಸ್‌ವರ್ಡ್. ಅದು 10 ನಿಮಿಷಕ್ಕೊಮ್ಮೆ ಹೊಸ ಮೇಲ್ ಬಂತೇ ಎಂದು ಕೇಳುತ್ತದೆ.

ಬೆಳಿಗ್ಗೆ 9:30ಕ್ಕೆ ನೀವು ಬೀಗ ತೆಗೆಸಿ ಕೆಲಸಕ್ಕೆ ಕೂರುತ್ತೀರಿ. ಮೊಬೈಲ್ 9:35ಕ್ಕೆ, 9:45ಕ್ಕೆ, 9:55ಕ್ಕೆ, 10:05ಕ್ಕೆ ಬಾಗಿಲು ಬಡಿಯುತ್ತದೆ. 10:15ಕ್ಕೆ ಐದನೆಯ ಬಡಿತ, ಅಕೌಂಟ್ ಲಾಕ್! ಎರಡು ಬಡಿತಗಳ ನಡುವೆ 30 ನಿಮಿಷದ ಬಿಡುವು ಸಿಗದ ಕಾರಣ ಎಣಿಕೆ ತಾನಾಗಿ ಸೊನ್ನೆಯಾಗಲೇ ಇಲ್ಲ. ನೀವು ನಡುವೆ ಹೊಸದಾಗಿ ಲಾಗಿನ್ ಆಗಿದ್ದರೆ ಎಣಿಕೆ ಅಳಿಯುತ್ತಿತ್ತು, ಆದರೆ ಒಮ್ಮೆ ಒಳಗೆ ಬಂದವರು ಮತ್ತೆ ಏಕೆ ಲಾಗಿನ್ ಆಗುತ್ತಾರೆ? ಈ ಮುಕ್ಕಾಲು ಗಂಟೆಯಲ್ಲಿ ನೀವು ಒಂದು ಅಕ್ಷರವನ್ನೂ ತಪ್ಪಾಗಿ ಒತ್ತಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. 2003ರ ವಿಂಡೋಸ್ ಸರ್ವರ್‌ನಿಂದ ಈಚೆಗೆ ಮೈಕ್ರೋಸಾಫ್ಟ್ ಒಂದು ರಿಯಾಯಿತಿ ಇಟ್ಟಿದೆ. ಬಂದ ತಪ್ಪು ಪಾಸ್‌ವರ್ಡ್ ನಿಮ್ಮ ಹಿಂದಿನ ಎರಡು ಪಾಸ್‌ವರ್ಡ್‌ಗಳಲ್ಲಿ ಒಂದಾಗಿದ್ದರೆ, ಒಳಗೆ ಬಿಡುವುದಿಲ್ಲ, ಆದರೆ ಗೀಟನ್ನೂ ಹಾಕುವುದಿಲ್ಲ. ಹಳೆಯ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಟುಕೊಳ್ಳುವ ನಿಯಮ ಕಚೇರಿಯಲ್ಲಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಇದರ ಪರಿಣಾಮ ವಿಚಿತ್ರ: ಮರೆತ ಸಾಧನ ಒಂದೆರಡು ಬದಲಾವಣೆಗಳವರೆಗೆ ತಂಟೆ ಮಾಡದೆ ಇದ್ದು, ಮೂರನೆಯ ಬದಲಾವಣೆಯ ನಂತರ ಕಾಟ ಶುರುಮಾಡಬಹುದು. "ಹೋದ ಸಲ ಬದಲಿಸಿದಾಗ ಏನೂ ಆಗಿರಲಿಲ್ಲವಲ್ಲ" ಎಂದು ಹಳೆಯ ಮೊಬೈಲನ್ನು ಪಟ್ಟಿಯಿಂದ ಬಿಡಬೇಡಿ.

ಹಳೆಯ ಪಾಸ್‌ವರ್ಡ್ ಎಲ್ಲೆಲ್ಲಿ ಅವಿತಿರುತ್ತದೆ?

ಮನೆಯ ಬೀಗ ಬದಲಿಸಿದಾಗ ಹಳೆಯ ಕೀಲಿಕೈ ಯಾರ್ಯಾರ ಬಳಿ ಇದೆ ಎಂದು ಯೋಚಿಸುತ್ತೇವಲ್ಲ, ಹಾಗೆಯೇ ಇಲ್ಲೂ ಒಂದೊಂದಾಗಿ ನೋಡಿ.

ಮೊಬೈಲ್ ಮತ್ತು ಟ್ಯಾಬ್ಲೆಟ್: ಕಚೇರಿಯ ಮೇಲ್, ಕ್ಯಾಲೆಂಡರ್ ಜೋಡಿಸಿದ ಎಲ್ಲ ಸಾಧನಗಳು. ಮೊದಲ ಅನುಮಾನ ಇವುಗಳ ಮೇಲೆಯೇ ಇರಲಿ.

ಕಚೇರಿಯ ವೈ-ಫೈ: ನಿಮ್ಮ ಸ್ವಂತ ಐ.ಡಿ., ಪಾಸ್‌ವರ್ಡ್ ಕೊಟ್ಟು ಸೇರುವ ವೈ-ಫೈ ಆದರೆ ಮೊಬೈಲ್ ಅದನ್ನು ನೆನಪಿಟ್ಟುಕೊಂಡಿರುತ್ತದೆ. ನೀವು ಕಚೇರಿಯ ಮೆಟ್ಟಿಲು ಹತ್ತುವಾಗಲೇ ಜೇಬಿನಲ್ಲಿರುವ ಮೊಬೈಲ್ ಬಾಗಿಲು ಬಡಿಯಲು ಶುರುಮಾಡುತ್ತದೆ!

ಕ್ರೆಡೆನ್ಷಿಯಲ್ ಮ್ಯಾನೇಜರ್: "ಈ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ?" ಎಂದು ಕಂಪ್ಯೂಟರ್ ಕೇಳಿದಾಗ ಹೂಂ ಎಂದಿದ್ದರೆ ಅದು ಇಲ್ಲಿ ಕೂತಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇದೇ ಹೆಸರಿನಲ್ಲಿ ಸಿಗುತ್ತದೆ. ಕಚೇರಿಯ ಸರ್ವರ್‌ಗಳ ಹೆಸರಿರುವ ಹಳೆಯ ನಮೂದುಗಳನ್ನು ಅಳಿಸಿ. ಮುಂದಿನ ಸಲ ಅದೇ ಹೊಸ ಪಾಸ್‌ವರ್ಡ್ ಕೇಳುತ್ತದೆ.

ಜೋಡಿಸಿದ ನೆಟ್‌ವರ್ಕ್ ಡ್ರೈವ್: ಬೇರೆ ಸರ್ವರ್‌ನ ಫೋಲ್ಡರನ್ನು ಪಾಸ್‌ವರ್ಡ್ ಕೊಟ್ಟು ಜೋಡಿಸಿ ಇಟ್ಟಿದ್ದರೆ ಅದೂ ಹಳೆಯದನ್ನೇ ಕಳಿಸುತ್ತಿರಬಹುದು.

ಮುಚ್ಚದೆ ಬಿಟ್ಟ ರಿಮೋಟ್ ಡೆಸ್ಕ್‌ಟಾಪ್: ಇನ್ನೊಂದು ಕಂಪ್ಯೂಟರ್‌ಗೆ ಇಲ್ಲಿಂದಲೇ ಹೊಕ್ಕು ಕೆಲಸ ಮಾಡಿ, ಕೊನೆಗೆ ಕಿಟಕಿಯ ಮೂಲೆಯ ಗುಣಾಕಾರದ ಗುರುತು ಒತ್ತಿ ಎದ್ದು ಬರುವವರು ಬಹಳ ಜನ. ಅದರಿಂದ ಕಿಟಕಿ ಮುಚ್ಚುತ್ತದೆ, ಆದರೆ ಅಲ್ಲಿ ನೀವು ಇನ್ನೂ ಒಳಗೇ ಇದ್ದೀರಿ, ಹಳೆಯ ಪಾಸ್‌ವರ್ಡ್‌ನ ಸಮೇತ. ಸರಿಯಾಗಿ ಲಾಗ್‌ಆಫ್ ಮಾಡಬೇಕು.

ಹೊತ್ತಿಗೆ ಸರಿಯಾಗಿ ನಡೆಯುವ ಕೆಲಸಗಳು: ರಾತ್ರಿ ತಾನಾಗಿ ವರದಿ ತೆಗೆಯಲಿ, ಬ್ಯಾಕಪ್ ಆಗಲಿ ಎಂದು ಯಾರೋ ನಿಮ್ಮ ಐ.ಡಿ.ಯಲ್ಲಿ ಟಾಸ್ಕ್ ಶೆಡ್ಯೂಲರ್‌ಗೆ ಅಥವಾ ಒಂದು ಸರ್ವೀಸ್‌ಗೆ ಹಾಕಿಟ್ಟಿರಬಹುದು. ಸ್ಕ್ಯಾನ್ ಮಾಡಿದ ಕಾಗದವನ್ನು ಫೋಲ್ಡರ್‌ಗೆ ಕಳಿಸುವ ಜೆರಾಕ್ಸ್ ಯಂತ್ರದಲ್ಲೂ ಯಾರದೋ ಪಾಸ್‌ವರ್ಡ್ ಇರುತ್ತದೆ. ಅದು ನಿಮ್ಮದೇ ಆಗಿರಬಹುದು.

ಇನ್ನೆರಡು ಕಾರಣಗಳು ನಮ್ಮವರಿಗೆ ವಿಶೇಷವಾಗಿ ಅನ್ವಯಿಸುತ್ತವೆ. ಮೊದಲನೆಯದು ಹೆಸರು. ಪುಣೆ, ಮುಂಬಯಿಯ ಕಚೇರಿಗಳಲ್ಲಿ ಕನ್ನಡದ ಕುಲಕರ್ಣಿಯೂ ಇರುತ್ತಾರೆ, ಮರಾಠಿಯ ಕುಲಕರ್ಣಿಯೂ ಇರುತ್ತಾರೆ. ಶೆಟ್ಟರಂತೂ ಒಂದೇ ಮಹಡಿಯಲ್ಲಿ ನಾಲ್ವರು ಇದ್ದಾರು. ಐ.ಡಿ.ಗಳಲ್ಲಿ ವ್ಯತ್ಯಾಸ ಒಂದು ಅಕ್ಷರವೋ ಒಂದು ಅಂಕಿಯೋ ಅಷ್ಟೇ. ಅವರು ಅವಸರದಲ್ಲಿ ನಿಮ್ಮ ಐ.ಡಿ. ಒತ್ತಿ ತಮ್ಮ ಪಾಸ್‌ವರ್ಡ್ ಕೊಟ್ಟರೆ ಗೀಟು ಬೀಳುವುದು ನಿಮ್ಮ ಹೆಸರಿಗೆ. ಎರಡನೆಯದು ಕೀಲಿಮಣೆ. ಕನ್ನಡದಲ್ಲಿ ಟೈಪ್ ಮಾಡುವ ಅಭ್ಯಾಸವಿದ್ದವರ ಕಂಪ್ಯೂಟರ್‌ನಲ್ಲಿ ಎರಡು ಭಾಷೆಯ ವಿನ್ಯಾಸ ಇರುತ್ತದೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಜತೆಯಾಗಿ ಒತ್ತಿದರೆ ಭಾಷೆ ಬದಲಾಗುತ್ತದೆ. ಪಾಸ್‌ವರ್ಡ್ ಬರೀ ಚುಕ್ಕೆಗಳಾಗಿ ಕಾಣುವುದರಿಂದ ಯಾವ ಭಾಷೆಯಲ್ಲಿ ಬೀಳುತ್ತಿದೆ ಎಂದು ಗೊತ್ತಾಗುವುದೇ ಇಲ್ಲ. ಲಾಗಿನ್ ಪರದೆಯ ಮೂಲೆಯಲ್ಲಿರುವ ಭಾಷೆಯ ಗುರುತನ್ನೂ, ಕ್ಯಾಪ್ಸ್ ಲಾಕ್ ದೀಪವನ್ನೂ ಒಮ್ಮೆ ನೋಡಿಕೊಳ್ಳಿ.

ಗಡಿಯಾರವೇ ಸಾಕ್ಷಿ

ರೇಡಿಯೋದಲ್ಲಿ ಕೆಲಸ ಮಾಡುವ ನಮಗೆ ಗಡಿಯಾರವೇ ಯಜಮಾನ. ಈ ತೊಂದರೆಯಲ್ಲಿ ನಿಮಗೂ ಅದೇ ಸಹಾಯಕ್ಕೆ ಬರುತ್ತದೆ. ಒಂದು ಚೀಟಿಯಲ್ಲಿ ಎರಡು ಮೂರು ದಿನ ಬರೆದಿಡಿ: ಎಷ್ಟು ಗಂಟೆಗೆ ಲಾಕ್ ಆಯಿತು, ಆಗ ಏನು ಮಾಡುತ್ತಿದ್ದಿರಿ, ಮೊಬೈಲ್ ಎಲ್ಲಿತ್ತು.

ತೆಗೆಸಿದ ಮೇಲೆ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಮತ್ತೆ ಲಾಕ್ ಆಗುತ್ತಿದ್ದರೆ ಅದು ಮನುಷ್ಯನ ಕೆಲಸವಲ್ಲ, ಯಂತ್ರದ್ದು. ಲಾಗಿನ್ ಆದ ಕೂಡಲೇ ಆಗುತ್ತಿದ್ದರೆ ನಿಮ್ಮ ಕಂಪ್ಯೂಟರ್‌ನಲ್ಲಿಯೇ ಉಳಿಸಿಟ್ಟ ಪಾಸ್‌ವರ್ಡ್ ಅಥವಾ ಜೋಡಿಸಿದ ಡ್ರೈವ್ ಮೇಲೆ ಅನುಮಾನ. ದಿನವೂ ಒಂದೇ ಗಂಟೆಗೆ ಆದರೆ ಶೆಡ್ಯೂಲ್ ಮಾಡಿಟ್ಟ ಕೆಲಸ. ಕಚೇರಿಗೆ ಬಂದಾಗ ಮಾತ್ರ ಆದರೆ ವೈ-ಫೈ. ನೀವು ರಜೆಯಲ್ಲಿದ್ದು ಕಂಪ್ಯೂಟರ್ ಮುಚ್ಚಿದ್ದಾಗಲೂ ಆದರೆ ಮೊಬೈಲ್, ಯಾವುದಾದರೂ ಸರ್ವರ್, ಇಲ್ಲವೇ ಹೊರಗಿನವರು.

ಸುಲಭದ ಪರೀಕ್ಷೆಯೊಂದಿದೆ. ಬೀಗ ತೆಗೆಸಿದ ತಕ್ಷಣ ನಿಮ್ಮ ಎಲ್ಲ ಮೊಬೈಲ್, ಟ್ಯಾಬ್ಲೆಟ್‌ಗಳನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈ-ಫೈ ಕೂಡ ಆರಿಸಿ. ಎರಡು ಗಂಟೆ ಲಾಕ್ ಆಗದೆ ಉಳಿದರೆ ಕಳ್ಳ ನಿಮ್ಮ ಜೇಬಿನಲ್ಲಿಯೇ ಇದ್ದಾನೆ ಎಂದು ಬಹುಮಟ್ಟಿಗೆ ಹೇಳಬಹುದು.

ಐ.ಟಿ.ಯವರನ್ನು ಏನೆಂದು ಕೇಳಬೇಕು?

"ಅನ್‌ಲಾಕ್ ಮಾಡಿ" ಎಂದಷ್ಟೇ ಕೇಳಿದರೆ ಅನ್‌ಲಾಕ್ ಮಾತ್ರ ಆಗುತ್ತದೆ. ಅದರ ಜತೆ ಇನ್ನೊಂದು ಪ್ರಶ್ನೆ ಕೇಳಿ: "4740ರ ದಾಖಲೆಯಲ್ಲಿ ಕಾಲರ್ ಕಂಪ್ಯೂಟರ್ ನೇಮ್ ಏನಿದೆ, ದಯವಿಟ್ಟು ನೋಡುತ್ತೀರಾ?"

ಅಕೌಂಟ್ ಲಾಕ್ ಆದಾಗ ಡೊಮೇನ್ ಕಂಟ್ರೋಲರ್ ತನ್ನ ಸೆಕ್ಯುರಿಟಿ ಲಾಗ್‌ನಲ್ಲಿ 4740 ಎಂಬ ಸಂಖ್ಯೆಯಡಿ ಒಂದು ಸಾಲು ಬರೆಯುತ್ತದೆ. 2003ರವರೆಗಿನ ಸರ್ವರ್‌ಗಳಲ್ಲಿ ಈ ಸಂಖ್ಯೆ 644 ಆಗಿತ್ತು. ಯಾರ ಅಕೌಂಟ್, ಎಷ್ಟು ಹೊತ್ತಿಗೆ, ಯಾವ ಕಂಪ್ಯೂಟರ್‌ನ ದಾರಿಯಿಂದ ಎಂಬುದು ಆ ಸಾಲಿನಲ್ಲಿರುತ್ತದೆ. ದೊಡ್ಡ ಕಚೇರಿಯಲ್ಲಿ ಕಂಟ್ರೋಲರ್‌ಗಳು ಹಲವಿದ್ದರೆ ಪಿ.ಡಿ.ಸಿ. ಎಮ್ಯುಲೇಟರ್ ಎಂಬ ಪಾತ್ರ ವಹಿಸಿದ ಸರ್ವರ್‌ನಲ್ಲಿ ಮೊದಲು ಹುಡುಕುವುದು ರೂಢಿ, ಏಕೆಂದರೆ ತಪ್ಪು ಪಾಸ್‌ವರ್ಡ್‌ಗಳ ವಿಚಾರಣೆ ಅಲ್ಲಿಗೆ ಬರುತ್ತದೆ. ಯಾವ ಕಂಟ್ರೋಲರ್‌ನಲ್ಲಿ ಎಷ್ಟು ಗೀಟು ಬಿದ್ದಿದೆ ಎಂದು ಒಟ್ಟಿಗೆ ತೋರಿಸಲು ಮೈಕ್ರೋಸಾಫ್ಟ್‌ನದೇ ಲಾಕ್‌ಔಟ್ ಸ್ಟೇಟಸ್ ಎಂಬ ಸಣ್ಣ ಸಲಕರಣೆಯೂ ಇದೆ.

ಆ ಹೆಸರು ನಿಮ್ಮ ಕಂಪ್ಯೂಟರ್‌ನದೇ ಆಗಿದ್ದರೆ ಹುಡುಕಾಟ ಅಲ್ಲೇ. ಪಕ್ಕದ ವಿಭಾಗದ್ದಾದರೆ ಹೋಗಿ ನೋಡಿ, ಇನ್ನೊಬ್ಬ ಕುಲಕರ್ಣಿಯವರು ಕೂತಿರಬಹುದು! ಮೇಲ್ ಸರ್ವರ್‌ನ ಹೆಸರಾದರೆ ಮೊಬೈಲ್‌ನ ಮೇಲೆ ಅನುಮಾನ ಗಟ್ಟಿಯಾಗುತ್ತದೆ, ಏಕೆಂದರೆ ಮೊಬೈಲ್ ಮಾತನಾಡುವುದು ಮೇಲ್ ಸರ್ವರ್ ಜತೆ, ಕಂಟ್ರೋಲರ್ ಬಳಿ ಬಂದು ಕೇಳುವುದು ಆ ಮೇಲ್ ಸರ್ವರ್. ಆಗ ಮೇಲ್ ಸರ್ವರ್‌ನ ದಾಖಲೆ ನೋಡಿದರೆ ಯಾವ ಸಾಧನ ಎಂದು ತಿಳಿಯುತ್ತದೆ. ಹೆಸರಿನ ಜಾಗ ಖಾಲಿಯಿದ್ದರೂ ಬೇರೆ ದಾಖಲೆಗಳಿವೆ. 4771 ಮತ್ತು 4776 ಸಂಖ್ಯೆಯವು ಕಂಟ್ರೋಲರ್‌ನಲ್ಲಿ, 4625 ತಪ್ಪು ಪ್ರಯತ್ನ ನಡೆದ ಯಂತ್ರದಲ್ಲಿ ಸಿಗುತ್ತವೆ.

ಕೇಳುವುದಾದರೆ ಅದೇ ದಿನ ಕೇಳಿ. ಕೆಲಸ ಹೆಚ್ಚಿರುವ ಸರ್ವರ್‌ನಲ್ಲಿ ಲಾಗ್ ತುಂಬಿ ಹಳೆಯ ಸಾಲುಗಳು ಅಳಿಸಿಹೋಗುವುದುಂಟು. ನಮ್ಮ ದೇಶದಲ್ಲಿ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಕಾಪಾಡಿಡಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಕೊಟ್ಟಿದೆ. ಆದರೂ ಬಿಸಿ ಇರುವಾಗಲೇ ಹುಡುಕುವುದು ಸುಲಭ. ಎಷ್ಟು ಗಂಟೆಗೆ ಎಂದು ನಿಮ್ಮ ಚೀಟಿ ಹೇಳಿದರೆ ಅವರ ಕೆಲಸ ಅರ್ಧ ಮುಗಿದಂತೆ.

ಹೊರಗಿನವರ ಕೈವಾಡವಾದರೆ?

ಎಲ್ಲವನ್ನೂ ಮೊಬೈಲ್‌ನ ತಲೆಗೆ ಕಟ್ಟುವುದೂ ಸರಿಯಲ್ಲ. ಬೀಗ ಇರುವುದೇ ಕಳ್ಳರಿಗಾಗಿ. 2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್ ನೆನಪಿಸಿಕೊಳ್ಳಿ. ಅದು ಜಾಲದೊಳಗೆ ಹೊಕ್ಕ ಮೇಲೆ ಸುಲಭದ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಬೇರೆ ಕಂಪ್ಯೂಟರ್‌ಗಳ ಬಾಗಿಲು ಬಡಿಯುತ್ತಿತ್ತು. ಹೀಗಾಗಿ ಕಚೇರಿಗಳಲ್ಲಿ ಒಮ್ಮೆಗೇ ಅನೇಕರ ಅಕೌಂಟ್ ಲಾಕ್ ಆಗುವುದೇ ಅದು ಬಂದಿರುವ ಸೂಚನೆಯಾಯಿತು. ಅದು ನುಸುಳುತ್ತಿದ್ದ ಕಿಂಡಿಗೆ ತೇಪೆ ಅದೇ ವರ್ಷದ ಅಕ್ಟೋಬರ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಕಷ್ಟಪಟ್ಟರು.

ಇಂದಿನ ಕಳ್ಳರು ಇನ್ನೂ ಜಾಣರು. ಒಬ್ಬರ ಮೇಲೆ ನೂರು ಪಾಸ್‌ವರ್ಡ್ ಹಾಕಿದರೆ ಬೀಗ ಬೀಳುತ್ತದೆಂದು ಗೊತ್ತಿರುವುದರಿಂದ, ಒಂದೇ ಪಾಸ್‌ವರ್ಡನ್ನು ನೂರು ಜನರ ಮೇಲೆ ಹಾಕಿ ನೋಡುತ್ತಾರೆ. ಇದಕ್ಕೆ ಪಾಸ್‌ವರ್ಡ್ ಸ್ಪ್ರೇ ಎನ್ನುತ್ತಾರೆ. ಮೈಕ್ರೋಸಾಫ್ಟ್‌ನ ಎಂಟ್ರಾ ಐ.ಡಿ.ಯಂಥ ಅಂತರ್ಜಾಲದ ಸೇವೆಗಳು ಇದಕ್ಕಾಗಿಯೇ ನೀವು ಎಂದಿನಿಂದ ಬರುವ ಜಾಗ, ಹೊಸ ಜಾಗ ಎಂದು ಬೇರೆ ಬೇರೆ ಎಣಿಕೆ ಇಡುತ್ತವೆ, ಕಳ್ಳನ ತಪ್ಪಿಗೆ ನಿಮ್ಮನ್ನು ಹೊರಗೆ ನಿಲ್ಲಿಸದಿರಲಿ ಎಂದು.

ಆದ್ದರಿಂದ ನಿಮ್ಮ ಜತೆ ಇನ್ನೂ ಹಲವರಿಗೆ ಅದೇ ಹೊತ್ತಿಗೆ ಲಾಕ್ ಆದರೆ, ದಾಖಲೆಯಲ್ಲಿ ಯಾರೂ ಗುರುತಿಸದ ಯಂತ್ರದ ಹೆಸರಿದ್ದರೆ, ನಡುರಾತ್ರಿಯಲ್ಲಿ ನಡೆಯುತ್ತಿದ್ದರೆ, ಕೂಡಲೇ ಸೆಕ್ಯುರಿಟಿ ನೋಡಿಕೊಳ್ಳುವವರಿಗೆ ತಿಳಿಸಿ. "ಏನೋ ಒಂದು, ತೆಗೆಸಿದರಾಯ್ತು" ಎಂದು ಸುಮ್ಮನಿರಬೇಡಿ.

ಬೇರೆಯವರ ಐ.ಡಿ. ಬೇಡವೇ ಬೇಡ

ಲಾಕ್ ಆದಾಗ ಪಕ್ಕದವರು "ತಗೊಳ್ಳಿ, ನನ್ನ ಐ.ಡಿ.ಯಲ್ಲೇ ಮಾಡಿ ಮುಗಿಸಿ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನೀವು ಮಾಡಿದ ಪ್ರತಿಯೊಂದು ಕೆಲಸವೂ ಅವರ ಹೆಸರಿನಲ್ಲಿ ದಾಖಲಾಗುತ್ತದೆ. ನಾಳೆ ಒಂದು ಬಿಲ್ಲಿನಲ್ಲಿ ಹೆಚ್ಚುಕಡಿಮೆಯಾದರೆ ಉತ್ತರ ಹೇಳಬೇಕಾದವರು ಅವರು, ಮುಖ ತಪ್ಪಿಸಿಕೊಂಡು ಓಡಾಡಬೇಕಾದವರು ನೀವು. ಮೋಸದ ಇಲ್ಲವೇ ಅಪ್ರಾಮಾಣಿಕ ಉದ್ದೇಶದಿಂದ ಬೇರೊಬ್ಬರ ಪಾಸ್‌ವರ್ಡ್ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ನಿಮ್ಮ ಉದ್ದೇಶ ಅದಲ್ಲ, ನಿಜ. ಆದರೆ ಉದ್ದೇಶ ಲಾಗ್‌ನಲ್ಲಿ ಕಾಣುವುದಿಲ್ಲ. ಅದರ ಬದಲು ಮೇಲಧಿಕಾರಿಗೆ ಒಂದು ಸಾಲು ತಿಳಿಸಿಬಿಡಿ: ಇಷ್ಟು ಗಂಟೆಗೆ ಲಾಕ್ ಆಯಿತು, ಇಷ್ಟು ಗಂಟೆಗೆ ಐ.ಟಿ.ಗೆ ಹೇಳಿದೆ, ದೂರಿನ ಸಂಖ್ಯೆ ಇದು. ಆ ಒಂದು ಸಾಲು ನಿಮ್ಮ ಹಾಜರಿಯನ್ನೂ ಮರ್ಯಾದೆಯನ್ನೂ ಕಾಯುತ್ತದೆ.

ಪಾಸ್‌ವರ್ಡ್ ಬದಲಿಸುವ ದಿನ

ಬಂದ ಮೇಲೆ ಓಡಾಡುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಮೇಲು. ಶುಕ್ರವಾರ ಸಂಜೆಯೋ, ಗಣೇಶನ ಹಬ್ಬಕ್ಕೆ ಊರಿಗೆ ಹೊರಡುವ ಹಿಂದಿನ ದಿನವೋ ಪಾಸ್‌ವರ್ಡ್ ಬದಲಿಸಬೇಡಿ. ವಾರದ ನಡುವೆ, ಬೆಳಿಗ್ಗೆ, ಐ.ಟಿ.ಯವರು ಸಿಗುವ ಹೊತ್ತಿನಲ್ಲಿ ಬದಲಿಸಿ.

ಮೊದಲು ಮೊಬೈಲ್‌ಗಳನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಬಿಟ್ಟುಬಂದ ರಿಮೋಟ್ ಡೆಸ್ಕ್‌ಟಾಪ್‌ಗಳಿಂದ ಲಾಗ್‌ಆಫ್ ಆಗಿ. ಆಮೇಲೆ ಕಚೇರಿಯ ಜಾಲದಲ್ಲಿರುವ ನಿಮ್ಮ ಕಂಪ್ಯೂಟರ್‌ನಲ್ಲೇ ಪಾಸ್‌ವರ್ಡ್ ಬದಲಿಸಿ, ಲಾಗ್‌ಆಫ್ ಆಗಿ ಹೊಸದರಲ್ಲಿ ಒಳಗೆ ಬನ್ನಿ. ಕ್ರೆಡೆನ್ಷಿಯಲ್ ಮ್ಯಾನೇಜರ್‌ನ ಹಳೆಯ ನಮೂದುಗಳನ್ನು ಅಳಿಸಿ. ಮೊಬೈಲ್‌ನಲ್ಲಿ ಕಚೇರಿಯ ವೈ-ಫೈಯನ್ನು ಮರೆಯುವಂತೆ ಮಾಡಿ, ಮೇಲ್‌ಗೆ ಹೊಸ ಪಾಸ್‌ವರ್ಡ್ ಕೊಟ್ಟ ಮೇಲೆಯೇ ಜಾಲಕ್ಕೆ ಬಿಡಿ. ಉಪಯೋಗಿಸದ ಸಾಧನಗಳಿಂದ ಕಚೇರಿಯ ಮೇಲನ್ನು ತೆಗೆದೇ ಬಿಡಿ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಮನೆಯಿಂದ ಕೆಲಸ ಮಾಡುವವರಿಗೆ ಒಂದು ಮಾತು. ಬೇರೆಲ್ಲೋ ಪಾಸ್‌ವರ್ಡ್ ಬದಲಿಸಿದರೆ, ಕಚೇರಿಯ ಜಾಲಕ್ಕೆ ಸೇರದ ಲ್ಯಾಪ್‌ಟಾಪ್‌ಗೆ ಅದು ತಿಳಿದಿರುವುದಿಲ್ಲ. ಅದು ಹಳೆಯದರಲ್ಲೇ ತೆರೆದುಕೊಳ್ಳುತ್ತದೆ. ವಿ.ಪಿ.ಎನ್. ಜೋಡಿಸಿದ ಮೇಲೆ ಒಮ್ಮೆ ಪರದೆಯನ್ನು ಲಾಕ್ ಮಾಡಿ ಹೊಸ ಪಾಸ್‌ವರ್ಡ್‌ನಲ್ಲಿ ತೆರೆದರೆ ಎರಡೂ ಒಂದಾಗುತ್ತವೆ.

ಕಚೇರಿ ನಡೆಸುವ ಕೇಳುಗರಿಗೂ ಒಂದು ವಿನಂತಿ. ಮೂರೇ ತಪ್ಪಿಗೆ ಬೀಗ, ತಿಂಗಳಿಗೊಂದು ಹೊಸ ಪಾಸ್‌ವರ್ಡ್ ಎಂದರೆ ಭದ್ರತೆ ಹೆಚ್ಚುತ್ತದೆ ಎಂಬ ನಂಬಿಕೆ ಹಳೆಯದು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲಿ, ಸೋರಿಕೆಯ ಸುಳಿವಿಲ್ಲದೆ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸುವುದು ಬೇಡ ಎಂದು ಹೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಭದ್ರತಾ ಶಿಫಾರಸಿನಿಂದ ಆ ನಿಯಮವನ್ನು ಕೈಬಿಟ್ಟಿತು. ಉದ್ದನೆಯ ಪಾಸ್‌ವರ್ಡ್, ಜತೆಗೆ ಎರಡನೆಯ ದೃಢೀಕರಣ, ಬೀಗಕ್ಕೆ ಹತ್ತರ ಆಸುಪಾಸಿನ ಮಿತಿ ಇದ್ದರೆ ಕಳ್ಳರಿಗೂ ಕಷ್ಟ, ಕೆಲಸಗಾರರಿಗೂ ಸಲೀಸು. ಯಾರಾದರೂ ಮೂರನೆಯ ಸಲ "ಲಾಕ್ ಆಯಿತು" ಎಂದು ಬಂದು ನಿಂತರೆ, ಬೈಯುವ ಮೊದಲು ಆ 4740ರ ಸಾಲನ್ನು ಒಮ್ಮೆ ತೆಗೆಸಿ ನೋಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೊಂದು ವಿಷಯದೊಂದಿಗೆ ಸಿಗೋಣ. ಅಲ್ಲಿಯವರೆಗೆ ಎಂದಿನ ಹೊತ್ತಿಗೆ, ಎಂದಿನ ತರಂಗಾಂತರದಲ್ಲಿ ಕನ್ನಡ ಕೇಳುತ್ತಿರಿ.